ಅರೆಕಾಲು ಪಾಲಿನ ರಕ್ತ

(ಸಂಘದ ಸಾಹಿತ್ಯಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಹಳೆಯ ಮಗ್ಗಿ ಪುಸ್ತಕಗಳಲ್ಲಿ ಭಿನ್ನರಾಶಿಗಳಿಗೆ ಚೆಲುವಾದ ಹೆಸರುಗಳಿದ್ದವು: ವೀಸ, ಅರೆಕಾಲು, ಕಾಲು, ಅರೆ, ಮುಕ್ಕಾಲು. ಶಾನುಭೋಗರು ದವಸವನ್ನೂ ಹಣವನ್ನೂ ಲೆಕ್ಕ ಹಾಕುತ್ತಿದ್ದ ಇಂಥ ಅಳತೆಗಳಿಂದಲೇ ಮನುಷ್ಯರನ್ನು ಅಳೆದ ಒಂದು ಸಮಾಜವಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ಅದರಲ್ಲಿಯೂ ಲೂಯಿಸಿಯಾನದಲ್ಲಿ, ಬಿಳಿಯ ತಂದೆಗೂ ಕರಿಯ ತಾಯಿಗೂ ಹುಟ್ಟಿದವರನ್ನು ‘ಮುಲಾಟೊ’ ಎನ್ನುತ್ತಿದ್ದರು, ಎಂದರೆ ಅರೆ. ಮುಲಾಟೊ ಹೆಣ್ಣಿಗೂ ಬಿಳಿಯನಿಗೂ ಹುಟ್ಟಿದವರು ‘ಕ್ವಾಡ್ರೂನ್’, ಎಂದರೆ ಕಾಲು. ಅವರಿಗೂ ಬಿಳಿಯರಿಗೂ ಹುಟ್ಟಿದವರು ‘ಆಕ್ಟೊರೂನ್’, ಎಂದರೆ ಅರೆಕಾಲು. ಮುತ್ತಜ್ಜಿಯೊಬ್ಬಳು ಆಫ್ರಿಕದವಳಾಗಿದ್ದರೆ ಸಾಕು, ಉಳಿದ ಏಳು ಜನ ಮುತ್ತಜ್ಜ ಮುತ್ತಜ್ಜಿಯರು ಯಾರೇ ಆಗಿರಲಿ, ಆ ಒಂದು ಪಾಲು ಉಳಿದ ಏಳು ಪಾಲನ್ನೂ ನುಂಗಿಹಾಕುತ್ತಿತ್ತು.

ಈ ಲೆಕ್ಕದ ಹೆಸರನ್ನೇ ಶೀರ್ಷಿಕೆಯಾಗಿ ಇಟ್ಟುಕೊಂಡ ನಾಟಕವೊಂದಿದೆ: ‘ದಿ ಆಕ್ಟೊರೂನ್’. ಬರೆದವನು ಡಬ್ಲಿನ್ನಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹೆಸರು ಮಾಡಿ, ಅಮೆರಿಕಕ್ಕೆ ಹೋದ ಡಯನ್ ಬೂಸಿಕಾಲ್ಟ್. ನಮ್ಮ ಎಂ.ಎ. ತರಗತಿಯ ಪಠ್ಯಕ್ರಮದಲ್ಲಿ ಶೆರಿಡನ್ನನಾದ ಮೇಲೆ ಒಮ್ಮೆಗೇ ಇಬ್ಸನ್ನನಿಗೂ ಶಾನಿಗೂ ಜಿಗಿಯುವ ಪದ್ಧತಿಯಿತ್ತು. ನಡುವಿನ ನೂರು ವರ್ಷ ಇಂಗ್ಲಿಷ್ ರಂಗಭೂಮಿಯಲ್ಲಿ ಏನೂ ನಡೆಯಲಿಲ್ಲವೇನೋ ಎಂಬಂತೆ. ವಾಸ್ತವವಾಗಿ ಆ ನೂರು ವರ್ಷಗಳಲ್ಲಿ ನಾಟಕಶಾಲೆಗಳು ತುಂಬಿ ತುಳುಕುತ್ತಿದ್ದವು. ಅಲ್ಲಿ ನಡೆಯುತ್ತಿದ್ದುದು ಮೆಲೊಡ್ರಾಮ. ಪಂಡಿತರು ಮೂಗು ಮುರಿಯುವ ಈ ಪ್ರಕಾರವನ್ನು, ಕಂಪನಿ ನಾಟಕಗಳನ್ನು ನೋಡುತ್ತ ಬೆಳೆದ ನಮ್ಮ ಪೀಳಿಗೆಯವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಸಾಧ್ವಿಯಾದ ನಾಯಕಿ, ಮೀಸೆ ತಿರುವುವ ಖಳ, ನಡುನಡುವೆ ಹಾಸ್ಯಪಾತ್ರ, ಉಕ್ಕುವ ಸಂಗೀತ, ಅಂಕದ ಕೊನೆಗೆ ಎಲ್ಲರೂ ಚಿತ್ರದಂತೆ ನಿಂತುಬಿಡುವ ದೃಶ್ಯ, ಕಣ್ಣು ಕೋರೈಸುವ ಸೀನ್‌ಸೀನರಿ. ಬೂಸಿಕಾಲ್ಟ್ ಈ ವಿದ್ಯೆಯಲ್ಲಿ ನಿಸ್ಸೀಮ. ಒಂದು ನಾಟಕದಲ್ಲಿ ರಂಗದ ಮೇಲೆ ಮನೆ ಉರಿಸಿದ. ಇಲ್ಲಿ ಉಗಿಹಡಗನ್ನೇ ಉರಿಸಿದ.

ನಾಟಕ ಮೊದಲು ರಂಗವೇರಿದ್ದು 1859ರ ಡಿಸೆಂಬರ್ ಮೊದಲ ವಾರದಲ್ಲಿ, ನ್ಯೂಯಾರ್ಕಿನ ವಿಂಟರ್ ಗಾರ್ಡನ್ ನಾಟಕಶಾಲೆಯಲ್ಲಿ. ಈ ದಿನಾಂಕವನ್ನು ಸ್ವಲ್ಪ ಗಮನಿಸಬೇಕು. ಗುಲಾಮರನ್ನು ದಂಗೆಗೆ ಎಬ್ಬಿಸಲು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿಯಿಟ್ಟ ಜಾನ್ ಬ್ರೌನನನ್ನು ಗಲ್ಲಿಗೇರಿಸಿದ್ದು ಅದೇ ಡಿಸೆಂಬರ್ 2ರಂದು. ದೇಶ ಎರಡು ಹೋಳಾಗುವ ಹಂತದಲ್ಲಿತ್ತು. 1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿದ್ದ ಗುಲಾಮರ ಸಂಖ್ಯೆ ಸುಮಾರು 39 ಲಕ್ಷ 50 ಸಾವಿರ. ಲೂಯಿಸಿಯಾನ ಒಂದರಲ್ಲಿಯೇ 3 ಲಕ್ಷ 30 ಸಾವಿರಕ್ಕೂ ಹೆಚ್ಚು, ಎಂದರೆ ಅಲ್ಲಿನ ಜನಸಂಖ್ಯೆಯ ಹೆಚ್ಚುಕಡಿಮೆ ಅರ್ಧ. ಇಂಥ ಹೊತ್ತಿನಲ್ಲಿ ರಂಗದ ಮೇಲೆ ಗುಲಾಮರ ಹರಾಜನ್ನು ತೋರಿಸುವುದು ಮದ್ದಿನ ಮನೆಯಲ್ಲಿ ದೀಪ ಹಚ್ಚಿದಂತೆ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆ ಉಗ್ರವಾಗಿ ಖಂಡಿಸಿತು. ಬೂಸಿಕಾಲ್ಟ್ ಮಾತ್ರ ಜಾಣ. 1855-56ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಾಟಕಶಾಲೆ ನಡೆಸಿದ್ದವನು ಅವನು. ದಕ್ಷಿಣದವರ ಮನೆಯೊಳಗನ್ನು ಕಂಡಿದ್ದ. ಎರಡೂ ಪಕ್ಷದವರು ಟಿಕೆಟ್ಟು ಕೊಳ್ಳುವಂತೆ ನಾಟಕವನ್ನು ಹೊಸೆದ. ಆ ಪ್ರದರ್ಶನದಲ್ಲಿ ಪಾತ್ರ ವಹಿಸಿದ್ದ ಪ್ರಸಿದ್ಧ ನಟ ಜೋಸೆಫ್ ಜೆಫರ್ಸನ್ ತನ್ನ ಆತ್ಮಕಥೆಯಲ್ಲಿ ಇದನ್ನು ಮಾರ್ಮಿಕವಾಗಿ ಗುರುತಿಸಿದ್ದಾನೆ: ಮಾತುಗಳೂ ಪಾತ್ರಗಳೂ ದಕ್ಷಿಣದ ಬಗ್ಗೆ ಮರುಕ ಹುಟ್ಟಿಸುತ್ತವೆ, ಕ್ರಿಯೆ ಮಾತ್ರ ಗುಲಾಮಗಿರಿಯ ವಿರುದ್ಧ ಸಾಕ್ಷಿ ನುಡಿಯುತ್ತದೆ ಎಂಬರ್ಥದಲ್ಲಿ. (ಬೂಸಿಕಾಲ್ಟನೂ ಅವನ ಪತ್ನಿಯೂ ಒಂದು ವಾರದೊಳಗೆ ಆ ರಂಗವನ್ನು ಬಿಟ್ಟು ಹೊರನಡೆದರು, ಕಾರಣ ಸಿದ್ಧಾಂತವಲ್ಲ, ಲಾಭದ ಪಾಲು.)

ಇನ್ನು ಕಥೆ. ಮಿಸಿಸಿಪಿ ನದಿಯ ಸೀಮೆಯಲ್ಲಿ ಟೆರ್‍ಬೋನ್ ಎಂಬ ತೋಟ. ಒಡೆಯನಾಗಿದ್ದ ಜಡ್ಜ್ ಪೇಟನ್ ಸಾಲ ಮಾಡಿ ತೀರಿಕೊಂಡಿದ್ದಾನೆ. ಅವನ ವಿಧವೆ ಇದ್ದಾಳೆ. ಮನೆಯಲ್ಲಿ ಮಗಳಂತೆ ಬೆಳೆದ ಜೋಯಿ ಎಂಬ ತರುಣಿ ಇದ್ದಾಳೆ. ಅವಳು ಜಡ್ಜನಿಗೆ ಕ್ವಾಡ್ರೂನ್ ಗುಲಾಮ ಹೆಣ್ಣೊಬ್ಬಳಲ್ಲಿ ಹುಟ್ಟಿದವಳು. ಎಲ್ಲರಿಗೂ ಇದು ಗೊತ್ತು, ಪ್ಯಾರಿಸ್ಸಿನಿಂದ ಆಗತಾನೆ ಬಂದ ಜಡ್ಜನ ತಮ್ಮನ ಮಗ ಜಾರ್ಜ್‌ಗೆ ಹೊರತು. ಅವನು ಅವಳನ್ನು ಪ್ರೀತಿಸುತ್ತಾನೆ. ತೋಟದ ಅರ್ಧ ಭಾಗವನ್ನು ಈಗಾಗಲೇ ನುಂಗಿರುವ ಮೆಕ್‌ಕ್ಲಾಸ್ಕಿ ಎಂಬ ಖಳನಿಗೂ ಅವಳು ಬೇಕು. ಪ್ರೀತಿಯಿಂದ ಒಲಿಯದಿದ್ದರೆ ಹಣ ಕೊಟ್ಟು. ಅಂಚೆಚೀಲ ಹೊತ್ತು ಬರುವ ಪೌಲ್ ಎಂಬ ಗುಲಾಮ ಹುಡುಗನನ್ನು ಅವನು ಕೊಲ್ಲುತ್ತಾನೆ. ತೋಟವನ್ನು ಉಳಿಸಬಲ್ಲ ಪತ್ರವೊಂದು ಆ ಚೀಲದಲ್ಲಿದೆ. ಕೊಲೆಯ ಆಪಾದನೆ ಹುಡುಗನ ಗೆಳೆಯನಾದ ವಾನೋಟಿ ಎಂಬ ಮೂಲನಿವಾಸಿಯ ಮೇಲೆ ಬರುತ್ತದೆ. ಆದರೆ ಅಲ್ಲಿಯೇ ನಿಲ್ಲಿಸಿದ್ದ ಫೋಟೋ ಕ್ಯಾಮರದ ಫಲಕದಲ್ಲಿ ಕೊಲೆಗಾರನ ಬಿಂಬ ಮೂಡಿಬಿಟ್ಟಿರುತ್ತದೆ. ಛಾಯಾಚಿತ್ರ ಇನ್ನೂ ಹೊಸ ವಿದ್ಯೆಯಾಗಿದ್ದ ಕಾಲದಲ್ಲಿ ಈ ಉಪಾಯ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿರಬೇಕು. ಕೊನೆಗೆ ಖಳ ಸಾಯುತ್ತಾನೆ, ತೋಟ ಉಳಿಯುತ್ತದೆ. ಆದರೆ ಆ ಸುದ್ದಿ ಬರುವುದಕ್ಕೆ ಸ್ವಲ್ಪ ಮುಂಚೆ ಜೋಯಿ ವಿಷ ಕುಡಿದಿರುತ್ತಾಳೆ.

ಕಥೆಯನ್ನು ಹೀಗೆ ಹೇಳಿದರೆ ಕೆಟ್ಟವನೊಬ್ಬನ ಕುತಂತ್ರದಿಂದ ಒಳ್ಳೆಯವರು ನರಳಿದ ಕಥೆಯಂತೆ ಕೇಳಿಸುತ್ತದೆ. ಮೂವತ್ತು ವರ್ಷ ಕಡತಗಳ ನಡುವೆ ಬದುಕಿದ ನನ್ನಂಥವನ ಕಣ್ಣಿಗೆ ಬೀಳುವುದು ಬೇರೆ. ಈ ನಾಟಕದಲ್ಲಿ ಜೋಯಿಯನ್ನು ಗುಲಾಮಳನ್ನಾಗಿ ಮಾಡುವವನು ಮೆಕ್‌ಕ್ಲಾಸ್ಕಿಯಲ್ಲ, ಒಂದು ಕಾಗದ. ಜಡ್ಜ್ ತನ್ನ ಮಗಳಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟಿದ್ದ. ಬರೆದುಕೊಟ್ಟ ದಿನ ಅವನ ವಿರುದ್ಧ ಸಾಲದ ಡಿಕ್ರಿಯೊಂದು ದಾಖಲಾಗಿತ್ತು. ಡಿಕ್ರಿ ಇರುವಾಗ ಸಾಲಗಾರನು ತನ್ನ ಆಸ್ತಿಯನ್ನು ಪರಭಾರೆ ಮಾಡುವಂತಿಲ್ಲ. ಮಗಳು ಆಸ್ತಿ. ಆದ್ದರಿಂದ ಮಗಳನ್ನು ಬಿಡುಗಡೆ ಮಾಡಿದ ಪತ್ರ ಅಸಿಂಧು. ಖಳ ಮಾಡಿದ್ದು ಇಷ್ಟೇ: ಜಡ್ಜನ ಮೇಜಿನಲ್ಲಿದ್ದ ಹಳೆಯ ಕಾಗದಗಳನ್ನು ಹುಡುಕಿ ಎರಡು ತಾರೀಖುಗಳನ್ನು ತಾಳೆ ನೋಡಿದ್ದು. ಚುರುಕಾದ ಯಾವ ಆಡಿಟರನೂ ಮಾಡುವ ಕೆಲಸ ಇದು. ಇದರಲ್ಲಿ ಮೋಸವಿಲ್ಲ, ಖೋಟಾ ಸಹಿಯಿಲ್ಲ. ಅಂಚೆಚೀಲ ಕದ್ದದ್ದು ಅಪರಾಧ, ಕೊಲೆ ಅಪರಾಧ. ಆದರೆ ಜೋಯಿಯನ್ನು ಆಸ್ತಿಪಟ್ಟಿಗೆ ಸೇರಿಸಿದ್ದು ಸಂಪೂರ್ಣ ಕಾನೂನುಬದ್ಧ. ಅದನ್ನು ಕೇಳಿ ಮನೆಯಲ್ಲಿರುವ ಸಜ್ಜನರೆಲ್ಲ ಕಣ್ಣೀರಿಡುತ್ತಾರೆ. ಈ ಕಾನೂನೇ ತಪ್ಪು ಎಂದು ಹರಾಜನ್ನು ನಿಲ್ಲಿಸುವುದಕ್ಕೆ ಒಬ್ಬನೂ ಮುಂದಾಗುವುದಿಲ್ಲ. ಬೂಸಿಕಾಲ್ಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಲ್ಲಿಯೂ ಇಂಥದೇ ಒಂದು ಮಾತಿದೆ. ಹೊಡೆತ ಬಡಿತಗಳಿಗಿಂತ ಹೇಯವಾದ ಅಂಶಗಳು ಗುಲಾಮಗಿರಿಯಲ್ಲಿವೆ, ಅವುಗಳ ಮುಂದೆ ಮೈನೋವು ಸಣ್ಣದು ಎಂಬ ಅಭಿಪ್ರಾಯ ಅಲ್ಲಿ ಬರುತ್ತದೆ. ಲಾಭಕ್ಕಾಗಿ ಬರೆದವನು ಕೂಡ ಒಂದೊಂದು ಸಲ ತಾನು ಅಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದುಬಿಡುತ್ತಾನೆ.

ಚರಿತ್ರೆ ಅವನ ಕಲ್ಪನೆಗಿಂತ ಕಠೋರವಾಗಿತ್ತು ಎಂಬುದನ್ನೂ ಹೇಳಬೇಕು. ಮಗು ತಾಯಿಯ ಸ್ಥಿತಿಯನ್ನೇ ಪಡೆಯತಕ್ಕದ್ದೆಂದು ವರ್ಜೀನಿಯ 1662ರಷ್ಟು ಹಿಂದೆಯೇ ಶಾಸನ ಮಾಡಿತ್ತು. ಆಂಗ್ಲರ ಸಾಮಾನ್ಯ ನ್ಯಾಯದಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುವುದು. ಗುಲಾಮರ ವಿಷಯದಲ್ಲಿ ಮಾತ್ರ ಅದನ್ನು ತಲೆಕೆಳಗು ಮಾಡಿದರು. ಯಾಕೆಂದು ಊಹಿಸುವುದು ಕಷ್ಟವಲ್ಲ. ಒಡೆಯನ ಕಾಮವೂ ಅವನ ಆಸ್ತಿಯ ವೃದ್ಧಿಗೆ ಒದಗಿತು. ಇನ್ನು ಲೂಯಿಸಿಯಾನದ ಶಾಸನಸಭೆ 1857ರಲ್ಲಿ ಗುಲಾಮರ ಬಿಡುಗಡೆಯನ್ನೇ ನಿಷೇಧಿಸಿಬಿಟ್ಟಿತು. ನಾಟಕ ಆಡಿದ ವರ್ಷದಲ್ಲಿ ಅಲ್ಲಿನ ಯಾವ ತಂದೆಯೂ, ಎಷ್ಟೇ ಪಶ್ಚಾತ್ತಾಪ ಪಟ್ಟರೂ, ತನ್ನ ಮಗಳಿಗೆ ಬಿಡುಗಡೆಯ ಪತ್ರ ಬರೆದುಕೊಡುವಂತೆಯೇ ಇರಲಿಲ್ಲ.

ಪ್ರೇಮದ ದೃಶ್ಯಕ್ಕೆ ಬರೋಣ. ಜಾರ್ಜ್ ಮದುವೆಯ ಪ್ರಸ್ತಾಪ ಮಾಡುತ್ತಾನೆ. ಜೋಯಿ ತನ್ನ ಕೈಯನ್ನು ಚಾಚಿ, ಉಗುರಿನ ಬುಡದಲ್ಲಿರುವ ನಸುನೀಲಿಯನ್ನು ನೋಡು ಎನ್ನುತ್ತಾಳೆ. ಕಣ್ಣಿನಲ್ಲಿಯೂ ಅದೇ ಛಾಯೆ ಇದೆ ಎನ್ನುತ್ತಾಳೆ. ತನ್ನ ಹೃದಯಕ್ಕೆ ಹರಿಯುವ ಎಂಟು ಹನಿ ರಕ್ತದಲ್ಲಿ ಒಂದು ಹನಿ ಕಪ್ಪು, ಆ ಒಂದು ಹನಿ ಉಳಿದ ಏಳನ್ನೂ ಕೆಡಿಸಿದೆ ಎಂದು ಹೇಳಿಕೊಳ್ಳುತ್ತಾಳೆ. ತನ್ನನ್ನು ತಾನು ಮೈಲಿಗೆಯೆಂದೇ ಕರೆದುಕೊಳ್ಳುತ್ತಾಳೆ. ಜಾರ್ಜ್ ಇದೊಂದು ದೊಡ್ಡ ವಿಷಯವೇ, ಬೇರೆ ದೇಶಕ್ಕೆ ಹೋಗೋಣ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಇಡೀ ನಾಟಕದಲ್ಲಿ ನನಗೆ ಅತ್ಯಂತ ಭಯಂಕರವಾಗಿ ಕಂಡದ್ದು ಹರಾಜಿನ ಕಟ್ಟೆಯಲ್ಲ, ಈ ಸಲ್ಲಾಪ. ಅಲ್ಲಿ ಯಾರ ಕೈಯಲ್ಲಿಯೂ ಚಾವಟಿಯಿಲ್ಲ. ಪ್ರೀತಿಸುವವನು ಎದುರಿಗೆ ನಿಂತಿದ್ದಾನೆ, ಓಡಿಹೋಗಲು ದಾರಿ ಇದೆ. ಕಾನೂನು ಹೇಳಬೇಕಾದ ಮಾತನ್ನು ಕಾನೂನಿಗಿಂತ ಸ್ಪಷ್ಟವಾಗಿ, ಅಂಗಾಂಗಗಳ ಪುರಾವೆಯೊಡನೆ, ಆ ಹೆಣ್ಣೇ ಒಪ್ಪಿಸುತ್ತಾಳೆ. ಅಸ್ಪೃಶ್ಯತೆಯನ್ನು ಬಲ್ಲ ದೇಶದವರಾದ ನಮಗೆ ಈ ಮಾತಿನ ಧಾಟಿ ಹೊಸದಲ್ಲ.

ಜಾರ್ಜನ ಪ್ರೀತಿ ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಸಾಲ ತೀರಿಸುವುದಕ್ಕಾಗಿ ಪಕ್ಕದ ತೋಟದ ಸಿರಿವಂತೆ ಡೋರಾಳನ್ನು ಮದುವೆಯಾಗುವ ಮಾತು ಬಂದಾಗ ಅವನು ಅದಕ್ಕೂ ತಯಾರಾಗುತ್ತಾನೆ; ತನ್ನ ತೋಟದ ಗುಲಾಮರು ಚೆದುರಿಹೋಗದಿರಲಿ ಎಂಬ ಸದುದ್ದೇಶದಿಂದಲೇ. ಅದೂ ಒಂದು ಬಗೆಯ ವಿಕ್ರಯವೇ. ಆದರೆ ಕೊನೆಯ ಗಳಿಗೆಯಲ್ಲಿ ಅವನು ಡೋರಾಳೆದುರು ನಿಜ ಹೇಳಿ ಹಿಂದೆಗೆಯಬಲ್ಲ. ತನ್ನನ್ನು ಮಾರಿಕೊಳ್ಳುವುದೂ ಮಾರಿಕೊಳ್ಳದಿರುವುದೂ ಅವನ ಕೈಯಲ್ಲಿದೆ.

ಮೂರನೆಯ ಅಂಕದಲ್ಲಿ ಹರಾಜು. ಮುದುಕ ಗುಲಾಮ ಪೀಟ್ ಉಳಿದವರಿಗೆ ಬುದ್ಧಿ ಹೇಳುತ್ತಾನೆ: ಮುಖ ಸೊಟ್ಟಗೆ ಮಾಡಿಕೊಂಡು ನಿಲ್ಲಬೇಡಿ, ನಗುನಗುತ್ತ ನಿಲ್ಲಿ, ನಮಗೆ ಒಳ್ಳೆಯ ಬೆಲೆ ಬಂದರೆ ಅಮ್ಮಾವರ ಸಂಕಟ ತೀರೀತು. ಇದನ್ನು ಸ್ವಾಮಿಭಕ್ತಿಯ ಆದರ್ಶವೆಂದು ನಾಟಕ ನಮ್ಮ ಮುಂದಿಡುತ್ತದೆ. ಆಮೇಲೆ ಗಂಡಾಳು, ಎಳೆಯ ಮಕ್ಕಳೊಡನೆ ಹೆಣ್ಣಾಳು, ಮುದುಕ ಪೀಟ್ ಎಲ್ಲರೂ ಕೆಲವೇ ನಿಮಿಷಗಳಲ್ಲಿ ಮಾರಾಟವಾಗುತ್ತಾರೆ. ಪೀಟ್ ತನ್ನ ವಯಸ್ಸನ್ನು ಕಡಿಮೆ ಹೇಳಿಕೊಂಡು, ತಾನು ಕುಂಟನಲ್ಲವೆಂದು ತೋರಿಸಲು ಒದ್ದಾಡುತ್ತ, ಗಿರಾಕಿಗಳನ್ನು ನಗಿಸುತ್ತಾನೆ. ಪ್ರೇಕ್ಷಾಗೃಹವೂ ನಗುತ್ತದೆ. ಅನಂತರ ಜೋಯಿ ಮೇಜಿನ ಮೇಲೆ ಏರುತ್ತಾಳೆ, ನಗು ನಿಲ್ಲುತ್ತದೆ. ಡೋರಾ ಅವಳನ್ನು ಉಳಿಸಲು ಸವಾಲು ಕೂಗುತ್ತಾಳೆ. ಮೆಕ್‌ಕ್ಲಾಸ್ಕಿ ಮೇಲೆ ಮೇಲೆ ಹೋಗಿ 25,000 ಡಾಲರಿಗೆ ಅವಳನ್ನು ಕೊಳ್ಳುತ್ತಾನೆ. ಎಲ್ಲರೂ ಚಿತ್ರದಂತೆ ನಿಲ್ಲುತ್ತಾರೆ, ಪರದೆ ಬೀಳುತ್ತದೆ.

ಆ ಮೇಜಿನ ಮೇಲೆ ನಿಂತಿದ್ದವಳು ಯಾರು? ಬೂಸಿಕಾಲ್ಟನ ಪತ್ನಿ ಆಗ್ನೆಸ್ ರಾಬರ್ಟ್‌ಸನ್, ಸ್ಕಾಟ್ಲೆಂಡಿನ ಬಿಳಿಯ ನಟಿ. ಪೀಟ್ ಮುಂತಾದ ಕರಿಯರ ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಆಡಿದರೆ, ಜೋಯಿಯ ಪಾತ್ರಕ್ಕೆ ಮಸಿ ಬೇಕಿರಲಿಲ್ಲ. ಎಂದರೆ, ಪ್ರೇಕ್ಷಕರು ಕಣ್ಣಾರೆ ಕಂಡದ್ದು ಬಿಳಿಯ ಹೆಣ್ಣೊಬ್ಬಳು ಹರಾಜಾಗುವುದನ್ನು. ಅವರ ಕಣ್ಣೀರು ಹರಿದದ್ದು ಏಳು ಹನಿಗಳಿಗಾಗಿ, ಎಂಟನೆಯದಕ್ಕಲ್ಲ. ಈ ಮಾತು ಕಟುವಾಯಿತೆಂದು ಯಾರಿಗಾದರೂ ಅನ್ನಿಸಿದರೆ ನಾಟಕದ ಪಾತ್ರಗಳ ಪಟ್ಟಿಯನ್ನು ನೋಡಬೇಕು. ಮಕ್ಕಳೊಡನೆ ಮಾರಾಟವಾಗುವ ಗ್ರೇಸ್ ಎಂಬಾಕೆಯ ಹೆಸರಿನ ಮುಂದೆ ‘ಹಳದಿ ಬಣ್ಣದ ಹುಡುಗಿ’ ಎಂದಿದೆ, ಎಂದರೆ ಅವಳೂ ಬೆರಕೆಯೇ. ಮಿನ್ನಿ ಎಂಬ ಇನ್ನೊಬ್ಬಳು ಕ್ವಾಡ್ರೂನ್; ಜೋಯಿಯ ತಾಯಿ ಯಾವ ವರ್ಗಕ್ಕೆ ಸೇರಿದವಳೋ ಅದೇ ವರ್ಗ. ಕೊಲೆಯಾದ ಹುಡುಗ ಪೌಲನೂ ಕ್ವಾಡ್ರೂನ್. ಹಾಗಾದರೆ ಅವರ ತಂದೆಯರು ಯಾರು? ಯಾವ ತೋಟದ ಯಾವ ಜಡ್ಜ್? ನಾಟಕ ಕೇಳುವುದಿಲ್ಲ. ಅವರು ನಡುಮನೆಯಲ್ಲಿ ಬೆಳೆಯಲಿಲ್ಲ, ಪಿಯಾನೋ ಕಲಿಯಲಿಲ್ಲ. ಅವರ ರಕ್ತದ ಭಿನ್ನರಾಶಿ ಯಾರ ಹೃದಯವನ್ನೂ ಒಡೆಯಲಿಲ್ಲ. ಲೂಯಿಸಿಯಾನದ ಕಾನೂನು ಯಾವ ತಕ್ಕಡಿಯಲ್ಲಿ ಮನುಷ್ಯರನ್ನು ತೂಗಿತೋ ಅದೇ ತಕ್ಕಡಿಯಲ್ಲಿ ಈ ನಾಟಕ ಕರುಣೆಯನ್ನು ತೂಗಿ ಹಂಚಿತು ಎಂಬುದೇ ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಚಾರ.

ಕಾಲಧರ್ಮ ಹಾಗಿತ್ತು, ಅವನೇನು ಮಾಡಿಯಾನು ಎಂಬ ಸಮಾಧಾನ ಸುಲಭವಾಗಿ ಬಾಯಿಗೆ ಬರುತ್ತದೆ. ಅದೇ ಕಾಲದಲ್ಲಿ ವಿಲಿಯಂ ವೆಲ್ಸ್ ಬ್ರೌನ್ ಎಂಬಾತನಿದ್ದ. ಕೆಂಟಕಿಯಲ್ಲಿ ಗುಲಾಮ ತಾಯಿಗೆ ಹುಟ್ಟಿದವನು. ತಂದೆ ಬಿಳಿಯ, ಒಡೆಯನ ಬಂಧು. ತಪ್ಪಿಸಿಕೊಂಡು ಉತ್ತರಕ್ಕೆ ಬಂದು ಲೇಖಕನಾದ. ‘ಆಕ್ಟೊರೂನ್’ಗಿಂತ ಒಂದು ವರ್ಷ ಮೊದಲು, 1858ರಲ್ಲಿ, ಅವನು ‘ದಿ ಎಸ್ಕೇಪ್’ ಎಂಬ ನಾಟಕ ಪ್ರಕಟಿಸಿದ. ಅಲ್ಲಿಯೂ ಪ್ರೇಮವಿದೆ, ಹೆಣ್ಣಿನ ಮೇಲೆ ಕಣ್ಣಿಟ್ಟ ಒಡೆಯನಿದ್ದಾನೆ. ಆದರೆ ಪ್ರೇಮಿಗಳಿಬ್ಬರೂ ಗುಲಾಮರು, ಗುಟ್ಟಾಗಿ ಮದುವೆಯಾದವರು. ನಾಯಕಿ ವಿಷ ಕುಡಿಯುವುದಿಲ್ಲ, ಗಂಡನೊಡನೆ ಗಡಿ ದಾಟಿ ಕೆನಡಕ್ಕೆ ಹೋಗುತ್ತಾಳೆ. ಆ ನಾಟಕಕ್ಕೆ ಬ್ರಾಡ್‌ವೇಯ ರಂಗ ಸಿಕ್ಕಲಿಲ್ಲ. ಬ್ರೌನ್ ಊರೂರು ತಿರುಗಿ, ಸಭೆಗಳಲ್ಲಿ ನಿಂತು, ಎಲ್ಲ ಪಾತ್ರಗಳ ಮಾತನ್ನೂ ತಾನೊಬ್ಬನೇ ಓದಿ ಹೇಳುತ್ತಿದ್ದ. ಒಂದು ರೀತಿಯಲ್ಲಿ ನಮ್ಮ ಗಮಕಿಗಳ ಹಾಗೆ. ನಾಟಕಕಲೆಯ ದೃಷ್ಟಿಯಿಂದ ಬೂಸಿಕಾಲ್ಟನ ಬಿಗಿ ಅದಕ್ಕಿಲ್ಲ, ನಿಜ. ಆದರೆ ಗುಲಾಮಗಿರಿಯಿಂದ ಪಾರಾಗಿ ಬಂದವನಿಗೆ ನಾಯಕಿಯ ಸಾವು ಕಾವ್ಯವಾಗಿ ಕಾಣಲಿಲ್ಲ ಎಂಬುದು ಗಮನಿಸತಕ್ಕ ಅಂಶ.

ಸಾವಿನ ಮಾತು ಬಂದಿತು. ಜೋಯಿ ಯಾಕೆ ಸಾಯಬೇಕು? ನ್ಯೂಯಾರ್ಕಿನಲ್ಲಿ ಈ ಪ್ರಶ್ನೆಗೆ ಉತ್ತರ ಸರಳ: ಅವಳು ಬದುಕಿದರೆ ಮದುವೆಯ ಪ್ರಶ್ನೆ ಏಳುತ್ತದೆ. ತೋಟವನ್ನು ಉಳಿಸಬಹುದು, ಖಳನನ್ನು ಕೊಲ್ಲಿಸಬಹುದು, ಮದುವೆಯನ್ನು ಮಾತ್ರ ಮಾಡಿಸುವಂತಿಲ್ಲ. ಸಾಯುವ ಗಳಿಗೆಯಲ್ಲಿ ಅವಳು ಹೇಳುವುದೂ ಅದನ್ನೇ: ಇನ್ನು ನೀನು ನಾಚಿಕೆಯಿಲ್ಲದೆ ನಿನ್ನ ಪ್ರೀತಿಯನ್ನು ಹೇಳಿಕೊಳ್ಳಬಹುದು ಎಂಬ ಭಾವ. 1861ರ ನವೆಂಬರಿನಲ್ಲಿ ಲಂಡನ್ನಿನ ಅಡೆಲ್ಫಿಯಲ್ಲಿ ನಾಟಕ ಆಡಿದಾಗ ಅಲ್ಲಿನ ಪ್ರೇಕ್ಷಕರು ಈ ಅಂತ್ಯವನ್ನು ಒಪ್ಪಲಿಲ್ಲ. ಇಷ್ಟು ಒಳ್ಳೆಯ ಹುಡುಗಿ ಯಾಕೆ ಸಾಯಬೇಕು ಎಂದು ಗಲಾಟೆ ಮಾಡಿದರು. ಬೂಸಿಕಾಲ್ಟ್ ಮೊದಲು ವಾದಿಸಿದ, ‘ಟೈಮ್ಸ್’ಗೆ ಬರೆದ. ಗಲ್ಲಾಪೆಟ್ಟಿಗೆ ಬೇರೆ ಮಾತು ಹೇಳಿರಬೇಕು. ತಿಂಗಳೊಳಗೆ ಅಂತ್ಯ ಬದಲಾಯಿತು. ಹೊಸ ಅಂತ್ಯವನ್ನು ಪ್ರೇಕ್ಷಕರೇ ಬರೆದದ್ದು, ತಾನು ಬರಿಯ ಸಂಪಾದಕ ಎಂಬರ್ಥದ ವಿನೋದವನ್ನೂ ಅವನು ಸೇರಿಸಿದ. ಅಲ್ಲಿ ಜೋಯಿ ಬದುಕಿ ಜಾರ್ಜನ ಕೈ ಹಿಡಿಯುತ್ತಾಳೆ.

ಇದನ್ನು ಓದಿ ಲಂಡನ್ನಿನವರು ಹೃದಯವಂತರು, ನ್ಯೂಯಾರ್ಕಿನವರು ಕಟುಕರು ಎಂದು ತೀರ್ಮಾನಿಸುವುದು ಬೇಡ. ಬ್ರಿಟನ್ 1833ರ ಕಾಯಿದೆಯಿಂದ ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದು ಮಾಡಿದಾಗ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಒಡೆಯರಿಗೆ. ಆ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟ ನಮ್ಮ ನೆಲವನ್ನು ಹೊರಗಿಟ್ಟಿತ್ತು. ಇಲ್ಲಿ ಗುಲಾಮರಿರಲಿಲ್ಲವೇ ಎಂದು ಕೇಳುವವರು ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬರೆದದ್ದನ್ನು ಓದಬೇಕು. ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ, ಕೊಂಡು ಮಾರಬಹುದಾಗಿದ್ದ ಮೂಲದಾಳುಗಳ ವಿವರ ಅಲ್ಲಿದೆ. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ಇದ್ದ ಕಾನೂನಿನ ಬೆಂಬಲವನ್ನು ಹಿಂತೆಗೆದುಕೊಂಡಿತು. ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದು ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು ದಂಡಸಂಹಿತೆ ಜಾರಿಗೆ ಬಂದ 1862ರ ಜನವರಿ 1ರಿಂದ. ಲಂಡನ್ನಿನ ಪ್ರೇಕ್ಷಕರು ಜೋಯಿಗಾಗಿ ಗಲಾಟೆ ಮಾಡಿದ ಕೆಲವೇ ವಾರಗಳ ಮೇಲೆ.

ನಾವು ನೆಲೆಸಿರುವ ಈ ಪುಣೆಯಲ್ಲಿ ಒಬ್ಬಾತ ಅಮೆರಿಕದ ಈ ಕಥೆಯನ್ನು ಬೇರೆ ರೀತಿಯಲ್ಲಿ ಓದಿದ. ಮಹಾತ್ಮ ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಪ್ರಕಟಿಸಿದಾಗ ಅದನ್ನು ಅರ್ಪಿಸಿದ್ದು ಕರಿಯರ ದಾಸ್ಯವನ್ನು ತೊಡೆದುಹಾಕಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ. ಅವರು ಅಲ್ಲಿನ ಗುಲಾಮಗಿರಿಗಾಗಿ ಬರಿದೆ ಕಣ್ಣೀರು ಸುರಿಸಲಿಲ್ಲ. ಆ ಪದವನ್ನು ತಂದು ನೇರವಾಗಿ ಇಲ್ಲಿನ ಜಾತಿವ್ಯವಸ್ಥೆಯ ಹಣೆಗೆ ಅಂಟಿಸಿದರು. ದೂರದ ಊರಿನ ನೋವನ್ನು ಓದುವುದಕ್ಕೆ ಇದಕ್ಕಿಂತ ಉತ್ತಮವಾದ ಕ್ರಮ ನನಗೆ ತಿಳಿಯದು.

ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಅಳಿಯಿತು. ಅರೆಕಾಲಿನ ಲೆಕ್ಕ ಅಳಿಯಲಿಲ್ಲ. 1892ರ ಜೂನ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸ್ಸಿ ಎಂಬಾತ ಬಿಳಿಯರಿಗೆ ಮೀಸಲಾದ ರೈಲುಡಬ್ಬಿಯಲ್ಲಿ ಕುಳಿತ. ನೋಡಿದರೆ ಬಿಳಿಯನೇ, ರಕ್ತದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯ. ಲೂಯಿಸಿಯಾನದ ಪ್ರತ್ಯೇಕ ಡಬ್ಬಿಗಳ ಕಾನೂನನ್ನು ಪ್ರಶ್ನಿಸಲು ಹೋರಾಟಗಾರರು ಬೇಕೆಂದೇ ಇಂಥವನನ್ನು ಆಯ್ದಿದ್ದರು. ತಾನು ಯಾರೆಂದು ಅವನೇ ಹೇಳಬೇಕಾಯಿತು, ಜೋಯಿ ಹೇಳಿದ ಹಾಗೆ. ಆದರೆ ಅವಳು ಪ್ರಿಯನಿಂದ ದೂರ ಸರಿಯಲು ಹೇಳಿದಳು, ಇವನು ಕಾನೂನನ್ನು ಕಟಕಟೆಗೆ ಎಳೆಯಲು ಹೇಳಿದ. ಸುಪ್ರೀಂ ಕೋರ್ಟು 1896ರಲ್ಲಿ ಅವನ ವಿರುದ್ಧ ತೀರ್ಪಿತ್ತಿತು. ನ್ಯಾಯಮೂರ್ತಿ ಹಾರ್ಲನ್ ಒಬ್ಬರದೇ ಭಿನ್ನಮತ. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಆ ಸೂತ್ರ 1954ರವರೆಗೆ ಬಾಳಿತು. ಪ್ಲೆಸ್ಸಿಗೆ ಲೂಯಿಸಿಯಾನದ ರಾಜ್ಯಪಾಲರು ಮರಣೋತ್ತರ ಕ್ಷಮಾದಾನ ಕೊಟ್ಟದ್ದು 2022ರ ಜನವರಿಯಲ್ಲಿ. ಯಾರು ಯಾರನ್ನು ಕ್ಷಮಿಸಬೇಕು ಎಂಬುದು ಬೇರೆ ಪ್ರಶ್ನೆ. ಬಿಳಿಯರೂ ಕರಿಯರೂ ಮದುವೆಯಾಗುವುದನ್ನು ಅಪರಾಧವೆಂದಿದ್ದ ರಾಜ್ಯಗಳ ಕಾನೂನುಗಳು ಬಿದ್ದುಹೋದದ್ದು ಲವಿಂಗ್ ದಂಪತಿಗಳ ಮೊಕದ್ದಮೆಯಲ್ಲಿ, 1967ರಲ್ಲಿ. ಅಷ್ಟಾದ ಮೇಲೂ ಲೂಯಿಸಿಯಾನ 1970ರಲ್ಲಿ ಹೊಸದೊಂದು ಕಾಯಿದೆ ಮಾಡಿ, ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಕರಿಯ ರಕ್ತವಿದ್ದವರು ಕರಿಯರು ಎಂದಿತು. ಅದು ರದ್ದಾದದ್ದು 1983ರಲ್ಲಿ. ಮೂವತ್ತೆರಡರಲ್ಲಿ ಒಂದು, ಎಂದರೆ ನಮ್ಮ ಲೆಕ್ಕದಲ್ಲಿ ಅರೆವೀಸ.

ನಗಬೇಡಿ. ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಮರಾಠಿಯವರನ್ನೋ ಪಂಜಾಬಿಯವರನ್ನೋ ಮದುವೆಯಾದರೆ ಮೊಮ್ಮಗುವನ್ನು ‘ಅರೆ ಕನ್ನಡಿಗ’ ಎಂದು ತಮಾಷೆ ಮಾಡುತ್ತೇವೆ, ಅಲ್ಲಿಯವರೆಗೆ ತಮಾಷೆಯೇ. ಆದರೆ ಮದುವೆಯಾದವರು ‘ನಮಗಿಂತ ಕೆಳಗಿನವರು’ ಎಂದು ಎಣಿಸಿದ ಕಡೆಯಿಂದ ಬಂದಿದ್ದರೆ ಆ ತಮಾಷೆ ನಡೆಯುವುದಿಲ್ಲ, ಮೌನ ಬೀಳುತ್ತದೆ. ಇಂಥ ಮೌನಗಳನ್ನು ಈ ಊರಿನಲ್ಲಿ ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ನೀವೂ ಕೇಳಿರುತ್ತೀರಿ. ಹೆಚ್ಚು ಹೇಳುವುದು ಸಭಾಮರ್ಯಾದೆಯಾಗದು.

ಕೊನೆಯದಾಗಿ ಒಂದು ವಿಷಯ. 2014ರಲ್ಲಿ ನ್ಯೂಯಾರ್ಕಿನಲ್ಲಿ ಬ್ರಾಂಡನ್ ಜೇಕಬ್ಸ್-ಜೆಂಕಿನ್ಸ್ ಎಂಬ ಕರಿಯ ನಾಟಕಕಾರ ಬೂಸಿಕಾಲ್ಟನ ನಾಟಕವನ್ನು ಎತ್ತಿಕೊಂಡು ‘ಆನ್ ಆಕ್ಟೊರೂನ್’ ಎಂಬ ಹೊಸ ನಾಟಕ ಮಾಡಿದ. ಕರಿಯ ನಟನೊಬ್ಬ ಮುಖಕ್ಕೆ ಬಿಳಿ ಬಳಿದುಕೊಂಡು ನಾಯಕ ಜಾರ್ಜನ ಪಾತ್ರವನ್ನೂ ಖಳ ಮೆಕ್‌ಕ್ಲಾಸ್ಕಿಯ ಪಾತ್ರವನ್ನೂ ತಾನೇ ಆಡುತ್ತಾನೆ. ಇಬ್ಬರೂ ಹೊಡೆದಾಡುವಾಗ ತನ್ನನ್ನು ತಾನೇ ಹೊಡೆದುಕೊಳ್ಳಬೇಕಾಗುತ್ತದೆ. ಕ್ಯಾಮರದಲ್ಲಿ ಕೊಲೆಗಾರ ಸಿಕ್ಕಿಬೀಳುವ ದೃಶ್ಯ ಬರುತ್ತದೆ. ಇಂದಿನ ಪ್ರೇಕ್ಷಕರನ್ನು ಫೋಟೋ ಎಂಬ ಯಂತ್ರದಿಂದ ಬೆರಗುಗೊಳಿಸುವುದು ಸಾಧ್ಯವಿಲ್ಲವಾದ್ದರಿಂದ ಅವನು ಆ ಜಾಗದಲ್ಲಿ ಗುಂಪು ಸೇರಿ ಕರಿಯರನ್ನು ಹಿಂಸಿಸಿ ಕೊಂದ ಕಾಲದ ಒಂದು ನಿಜವಾದ ಛಾಯಾಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಾನೆ. ಬೂಸಿಕಾಲ್ಟನ ನಾಟಕದಲ್ಲಿ ಜನ ಸೇರಿ ಅಲ್ಲಿಯೇ ನ್ಯಾಯ ತೀರ್ಮಾನ ಮಾಡುವುದನ್ನು ಮೆಚ್ಚುವ ದೃಶ್ಯವಿದೆ. ಮುಂದೆ ಅಂಥ ಜನಸಂದಣಿಗಳು ಏನು ಮಾಡಿದವು ಎಂಬುದಕ್ಕೆ ಆ ಚಿತ್ರವೇ ಸಾಕು.

ಜೋಯಿ ಅಲ್ಲಿಯೂ ವಿಷದ ಸೀಸೆ ಹಿಡಿದು ಹೋಗುತ್ತಾಳೆ. ಆದರೆ ಹೊಸ ನಾಟಕ ಅವಳ ಬೆನ್ನು ಹತ್ತುವುದಿಲ್ಲ. ರಂಗದ ಮೇಲೆ ಉಳಿಯುವವರು ಮೂಲ ನಾಟಕದಲ್ಲಿ ಸಣ್ಣ ಪಾತ್ರಗಳಾಗಿದ್ದ ಇಬ್ಬರು ಗುಲಾಮ ಹೆಂಗಸರು, ಅಡುಗೆಯ ಡೈಡೊ ಮತ್ತು ಮಿನ್ನಿ. ಅವರು ಕುಳಿತು ತಮ್ಮ ಕ್ಷೇಮಸಮಾಚಾರ ಆಡಿಕೊಳ್ಳುತ್ತಾರೆ, ದಿನದ ಕೆಲಸ ಮುಗಿಸಿ ಹಿತ್ತಲಿನಲ್ಲಿ ಕುಳಿತ ಯಾವ ಹೆಂಗಸರೂ ಆಡಿಕೊಳ್ಳುವ ಹಾಗೆ. ಅವರ ಮಾತಿನೊಡನೆ ನಾಟಕ ಮುಗಿಯುತ್ತದೆ.